ದಂಭೋಳಿಯ ಎರಡನೇ ನಾಮಕರಣ

ಜನವರಿ 18, ಭಾನುವಾರ

ಕಿವಿಯೊಳಗಿನ ಗುಡುಗು ಇನ್ನೂ ಇಳಿದಿಲ್ಲ. ನಲವತ್ತಾರರ ಹೆಂಗಸು, ಥಿಯೇಟರಿನಲ್ಲಿ ಶಿಳ್ಳೆ ಹೊಡೆದೆ. ಹೊಡೆದವರು ಯಾರೆಂದು ನಾನೇ ಹಿಂದೆ ತಿರುಗಿ ನೋಡಿದೆ.

‘ದಂಭೋಳಿ’ ಬಿಡುಗಡೆಯಾಗಿ ನಾಲ್ಕೇ ದಿನ, ಶಿವಮೊಗ್ಗ ಪೂರ್ತಿ ನೀಲಿ. ಆಟೋಗಳ ಮೇಲೆ ಸಿಡಿಲಿನ ಗುರುತು, ಹುಡುಗರ ಬೆನ್ನ ಮೇಲೆ ಸಿಡಿಲಿನ ಗುರುತು, ನಮ್ಮ ಆಲ್ಕೊಳ ಸರ್ಕಲ್ಲಿನ ಕಬ್ಬಿನ ಹಾಲಿನ ಗಾಡಿಗೂ ಒಂದು ಸಿಡಿಲು. ತಮ್ಮ ನವೀನ ಭದ್ರಾವತಿಯಿಂದ ಅಪ್ಪನನ್ನು ಕೂರಿಸಿಕೊಂಡು ಬಂದಿದ್ದ. ಅವನ ಹೆಂಡತಿ ಬಿಂದುಶ್ರೀ ಎರಡು ತಿಂಗಳ ಕೂಸಿನ ಜೊತೆ ಮನೆಯಲ್ಲೇ ಉಳಿದಿದ್ದಳು. ವಿಡಿಯೋ ಕಾಲ್‌ನಲ್ಲಿ ಕಟೌಟ್ ನೋಡಿಯೇ ಕೈ ಮುಗಿದಳಂತೆ.

ಕಥೆ ಇಷ್ಟು. ಉಕ್ಕಿನ ಕಾರ್ಖಾನೆಯ ಒಬ್ಬ ಪಾಳಿ ಕೆಲಸಗಾರ. ಅವನಿಗೆ ಸಿಡಿಲು ಹೊಡೆಯುತ್ತದೆ. ಸಾಯುವ ಬದಲು ಸೂಪರ್ ಹೀರೋ ಆಗುತ್ತಾನೆ. ಕೊನೆಯಲ್ಲಿ ಕುಲುಮೆಯ ಮೇಲಿನ ಛಾವಣಿ ಕುಸಿಯುವಾಗ ಎರಡು ಕೈಯಲ್ಲಿ ಅದನ್ನು ಹಿಡಿದು ನಿಲ್ಲುತ್ತಾನೆ. ಅವನ ಪಕ್ಕದಿಂದ ಕೆಲಸಗಾರರು ಒಬ್ಬೊಬ್ಬರೇ ಊಟದ ಡಬ್ಬಿ ಹಿಡಿದು ಹೊರಗೆ ನಡೆಯುತ್ತಾರೆ. ಆ ಡಬ್ಬಿಗಳನ್ನು ನೋಡಿ ನನ್ನ ಎದೆ ಝಲ್ಲೆಂದಿತು. ಅಂಥದೇ ಡಬ್ಬಿಗೆ ಅಮ್ಮ ಎಷ್ಟು ವರ್ಷ ಅನ್ನ ತುಂಬಿದ್ದಳು. ಪಕ್ಕಕ್ಕೆ ತಿರುಗಿದರೆ ನವೀನ ಬಿಕ್ಕುತ್ತಿದ್ದ. ಆಚೆ ಅಪ್ಪ. ಭದ್ರಾವತಿಯ ಕಾರ್ಖಾನೆಯಲ್ಲಿ ಜೀವಮಾನ ತೇಯ್ದ ನಮ್ಮಪ್ಪ ಶೇಷಪ್ಪನವರು, ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ತಲೆ ಬಗ್ಗಿಸಿ ಕೂತಿದ್ದರು. ಅಪ್ಪ ಅತ್ತಿದ್ದನ್ನು ನಾವು ಅಮ್ಮ ಹೋದಾಗಲೂ ನೋಡಿರಲಿಲ್ಲ. ದಂಗಾದೆ.

ಪಾರ್ಕಿಂಗ್‌ನಲ್ಲಿ ನವೀನ ನನ್ನ ಎರಡೂ ಕೈ ಹಿಡಿದುಕೊಂಡ. “ಅಕ್ಕಾ, ಫಿಕ್ಸ್. ನನ್ನ ಮಗನ ಹೆಸರು ದಂಭೋಳಿ.”

“ಲೋ, ಹೆಸರಿಡೋದು ಅಂದ್ರೆ ಫೋನಿಗೆ ರಿಂಗ್‌ಟೋನ್ ಹಾಕಿದಂಗಲ್ಲ,” ಎಂದರು ನಮ್ಮವರು, ಶಿವಕುಮಾರ್.

“ಭಾವಾ, ಎದೆ ಮುಟ್ಕೊಂಡು ಹೇಳಿ. ನಿಮ್ಗೆ ಅಳು ಬರ್ಲಿಲ್ವಾ?”

“ಬರದೆ ಏನು? ಪಾಪ್‌ಕಾರ್ನ್ ರೇಟ್ ಕೇಳಿದಾಗಲೇ ಬಂತು.”

ನಾನು ನವೀನನ ಪರ. ದಂಭೋಳಿ ಎಂದರೆ ಇಂದ್ರನ ವಜ್ರಾಯುಧ, ಬಿ.ಎ.ಯಲ್ಲಿ ಕನ್ನಡ ಐಚ್ಛಿಕ ಓದಿದ್ದು ಇವತ್ತು ಒಂದು ಉಪಯೋಗಕ್ಕೆ ಬಂತು. ಮದುವೆಯಾಗಿ ಎಂಟು ವರ್ಷ ಕಾದ ಮೇಲೆ ಹುಟ್ಟಿದ ಮಗುವಿಗೆ ಸಿಡಿಲಿನಂಥ ಹೆಸರಲ್ಲದೆ ಇನ್ನೇನು? ಬರೆದಿಟ್ಟಿರಲಿ: ಇಂಥ ಚಿತ್ರವನ್ನು ನಾನು ಜನ್ಮದಲ್ಲಿ ನೋಡಿಲ್ಲ. ದೀಪ ಹಿಡಿದು ಹುಡುಕಿದರೂ ಅದರಲ್ಲಿ ಒಂದು ಕುಂದು ಸಿಗದು.

ಜನವರಿ 22, ಗುರುವಾರ

ಗಾಂಧಿಬಜಾರಿನ ಲಗ್ನಪತ್ರಿಕೆ ಅಂಗಡಿಯಲ್ಲಿ ಕೂತು ಊರವರ ಮದುವೆ, ಮುಂಜಿ, ಗೃಹಪ್ರವೇಶಕ್ಕೆಲ್ಲ ಪ್ರಾಸ ಹೊಸೆಯುವ ನನಗೆ ಸ್ವಂತ ಸೋದರಳಿಯನ ನಾಮಕರಣದ ಪತ್ರಿಕೆ ಬರೆಯುವ ಯೋಗ. ಬೇರೆಯವರ ಹೆಸರಿಗೆ ಪ್ರಾಸ ಹುಡುಕುತ್ತಾ ಹಲ್ಲು ಸವೆದಿದೆ. ಇದಕ್ಕೋ, ತಾವಾಗಿಯೇ ಸಾಲುಗಟ್ಟಿ ಬಂದವು. ಗಾಳಿ, ಪಾಳಿ, ದಾಳಿ, ಕೇಳಿ, ಬಾಳಿ.

“ಉಕ್ಕಿನೂರಿನ ತೊಟ್ಟಿಲಿಗೆ ಸಿಡಿಲು ಬಂದ ಪಾಳಿ,
ಹಾಲುಗಲ್ಲದ ನಮ್ಮ ವೀರ, ಹೆಸರು ದಂಭೋಳಿ.
ಹರಸಿ, ಉಂಡು, ಹೊರಟುಬಿಡಿ ಬೀಸಿದಂತೆ ಗಾಳಿ.”

ನಮ್ಮವರು ಓದಿ, “ಉಂಡ ತಕ್ಷಣ ಜಾಗ ಖಾಲಿ ಮಾಡಿ ಅಂತಲಾ ಮಾರಾಯ್ತಿ?” ಎಂದರು. ಮೂರನೇ ಸಾಲು ತಿದ್ದಿದೆ.

ಅಂಗಡಿ ಮಾಲೀಕ ಚೌಡಯ್ಯ ಪತ್ರಿಕೆಯ ಮೂಲೆಗೆ ತಾವಾಗಿಯೇ ಸಿಡಿಲಿನ ಗುರುತು ಹಾಕಿಸಿಕೊಟ್ಟರು. ಗಲ್ಲಾದ ಹಿಂದೆ ದೇವರ ಫೋಟೋ ಪಕ್ಕದಲ್ಲೇ ದಂಭೋಳಿಯ ಪೋಸ್ಟರ್ ಅಂಟಿಸಿದ್ದಾರೆ. ಊದಿನಕಡ್ಡಿ ಇಬ್ಬರಿಗೂ.

ಫೆಬ್ರವರಿ 1, ಭಾನುವಾರ

ಭದ್ರಾವತಿಯಿಂದ ಈಗ ಬಂದೆ. ಬೆನ್ನು ನೋಯುತ್ತಿದೆ.

ನಮ್ಮಲ್ಲಿ ಹೆಸರಿಡುವವಳು ಸೋದರತ್ತೆ. ಹೆಸರನ್ನು ಯಾರೇ ಆರಿಸಲಿ, ಮಗುವಿನ ಕಿವಿಗೆ ಅದು ಮೊದಲು ಅತ್ತೆಯ ಬಾಯಿಂದ ಬೀಳಬೇಕು. ಆಮೇಲೆ ಅತ್ತೆ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಕೂಗಬೇಕು. ಅಲ್ಲಿಯವರೆಗೆ ಅದು ಬರೀ ಮಾತು. ಅವಳು ಬಗ್ಗಿ ಹೇಳುವಾಗ ಹಿಂದೆ ನಿಂತ ಹೆಂಗಸರು ಬೆನ್ನಿಗೆ ಗುದ್ದುತ್ತಾರೆ. ಯಾಕೆಂದು ಯಾರಿಗೂ ತಿಳಿಯದು. ಗಂಡನ ಅಕ್ಕನ ಮೇಲಿನ ಸಿಟ್ಟು ತೀರಿಸಿಕೊಳ್ಳಲು ಹಿರಿಯರು ಮಾಡಿಕೊಟ್ಟ ಅನುಕೂಲ ಇರಬೇಕು. ಬಿಂದುಶ್ರೀ ಅನುಕೂಲವನ್ನು ಚೆನ್ನಾಗಿ ಬಳಸಿಕೊಂಡಳು.

ಕೂಸಿನ ಕೆನ್ನೆಗೆ ಬೊಟ್ಟಿನ ಬದಲು ಕಾಡಿಗೆಯಲ್ಲೇ ಸಿಡಿಲು ಬರೆದಿದ್ದಳು, ಅವಳೇ. “ಹೆಸರು ನಂದೇ ಐಡಿಯಾ ಅತ್ತಿಗೆ. ಇವ್ರು ಥಿಯೇಟರಿಂದ ಫೋನ್ ಮಾಡೋಕ್ ಮುಂಚೆನೇ ನನ್ ಮನಸಲ್ಲಿತ್ತು,” ಎಂದಳು. ಅವರಮ್ಮ, ಇಲ್ಲ, ಮೊದಲು ಹೊಳೆದದ್ದು ತನಗೆ ಎಂದರು. ಹೆಸರಿಗೆ ಇಷ್ಟೊಂದು ತಾಯಂದಿರು. ಪಾಪ, ಕೂಸಿಗೆ ಒಬ್ಬಳೇ.

ನಾನು ಎದ್ದು ನಿಂತು ‘ದಂಭೋಳಿ’ ಎಂದಾಗ ಮನೆಯೊಳಗೆ ಎದ್ದ ಶಿಳ್ಳೆಗೆ ತೊಟ್ಟಿಲು ಅಲುಗಿತು. ಅಪ್ಪ ಮಾತ್ರ ಒಂದು ಸಲ ನಿಧಾನವಾಗಿ ಹೇಳಿನೋಡಿಕೊಂಡರು. “ದಂ... ಭೋಳಿ. ಹಲ್ಲಿಲ್ದೋನ್ಗೂ ಹೇಳೋಕೆ ಬರತ್ತೆ. ಒಳ್ಳೇದು.”

ಮಾರ್ಚ್ 5, ಗುರುವಾರ

ಇದೇನಾಯಿತು?

ನಿನ್ನೆಯಿಂದ ‘ದಂಭೋಳಿ’ ಮೊಬೈಲಿಗೆ ಬಂದಿದೆಯಂತೆ. ಬೆಳಗ್ಗೆ ಮಗಳು ರಕ್ಷಾ ಕಾಲೇಜಿಗೆ ಹೊರಡುತ್ತಾ ಬಿದ್ದು ಬಿದ್ದು ನಗುತ್ತಿದ್ದಳು. “ಅಮ್ಮಾ, ಇದು ನೋಡು, ಛಾವಣಿ ಸೀನ್.” ನೋಡಿದೆ. ಅದೇ ದೃಶ್ಯವನ್ನು ಯಾರೋ ನಿಲ್ಲಿಸಿ, ಹಿಗ್ಗಿಸಿ, ಬಾಣದ ಗುರುತು ಹಾಕಿ ತೋರಿಸಿದ್ದಾರೆ. ಟನ್ನುಗಟ್ಟಲೆ ಕಬ್ಬಿಣದ ಛಾವಣಿ ಗಾಳಿಗೆ ಒಂದು ಮೂಲೆಯಲ್ಲಿ ಪಟಪಟ ಎನ್ನುತ್ತಿದೆ. ಸಾವಿರ ಜನ ನಿಂತಲ್ಲಿ ನೆರಳು ಇರುವುದು ಒಬ್ಬನಿಗೆ. ಕೆಳಗೆ ಹಾಡು:

“ದಂಭೋಳಿ, ದಂಭೋಳಿ, ಬಾಯಿ ಬಿಟ್ರೆ ಗಾಳಿ!”

ಪ್ರಾಸ ಸರಿಯಾಗಿದೆ. ಅದೇ ನೋವು.

ಅಂಗಡಿಯಲ್ಲೂ ಅದೇ ಹಾಡು. ಯಾರು ಹಾಡುತ್ತಿದ್ದಾರೆಂದು ಕತ್ತೆತ್ತಿದರೆ ಚೌಡಯ್ಯ. “ಏನ್ ಜಗದಾಂಬಾ ಮೇಡಂ, ಎಂಥಾ ಡಬ್ಬಾ ಪಿಚ್ಚರು ಮಾರಾಯ್ರೇ! ನಾನು ಅವತ್ತೇ ಅಂದ್ಕೊಂಡಿದ್ದೆ.” ಅವತ್ತು ಊದಿನಕಡ್ಡಿ ಹಚ್ಚಿದ ಮನುಷ್ಯ! ಪೋಸ್ಟರ್ ಇದ್ದ ಜಾಗದಲ್ಲಿ ಗೋಡೆಯ ಮೇಲೆ ನಾಲ್ಕು ಅಂಟಿನ ಕಲೆ ಉಳಿದಿದೆ.

ಜನ ಇಷ್ಟು ಬೇಗ ಹೀಗೆ ತಿರುಗುತ್ತಾರೆಯೇ? ಒಂದು ಗೃಹಪ್ರವೇಶದ ಪತ್ರಿಕೆಯಲ್ಲಿ ‘ಸುಮುಹೂರ್ತ’ಕ್ಕೆ ಒತ್ತು ತಪ್ಪಿತು.

ಮಾರ್ಚ್ 6, ಶುಕ್ರವಾರ

ನವೀನನ ಫೋನ್. ಅವನ ಎಲೆಕ್ಟ್ರಿಕಲ್ ಅಂಗಡಿಗೆ ಬಂದ ಯಾರೋ, “ಏನಣ್ಣ, ನಿಮ್ಮ ಮಗ ಫ್ಯಾನ್ ಬಿಚ್ಚೋವಾಗ ಛಾವಣಿ ಹಿಡ್ಕೊಳ್ತಾನಾ?” ಎಂದು ಕೇಳಿದನಂತೆ. ಅವನಿಗೂ ನಗು ಬಂತಂತೆ. ಆಮೇಲೆ ಬರಲಿಲ್ಲವಂತೆ.

ಮಾರ್ಚ್ 8, ಭಾನುವಾರ

ಮನೆಯ ಟಿ.ವಿ.ಯಲ್ಲಿ ಇನ್ನೊಂದು ಸಲ ಹಾಕಿ ನೋಡಿದೆ, ಪರೀಕ್ಷೆ ಪೇಪರು ತಿದ್ದುವಂತೆ. ರಾಮ ರಾಮ. ಹೀರೋ ಬೆನ್ನ ಮೇಲಿರುವುದು ಪಂಚೆಯೋ ಟಾರ್ಪಾಲೋ ತಿಳಿಯದು. ಸಿಡಿಲು ಹೊಡೆದಾಗ ಮೀಸೆಯ ಕೂದಲೂ ಕೊಂಕುವುದಿಲ್ಲ. ಖಳನಾಯಕನ ಭಾಷಣ ಮುಗಿಯುವಷ್ಟರಲ್ಲಿ ನಾನು ಕುಕ್ಕರ್ ಇಟ್ಟು, ಇಳಿಸಿ, ಒಗ್ಗರಣೆ ಹಾಕಿದೆ. ಡಬ್ಬಿ ಹಿಡಿದು ಹೊರಗೆ ನಡೆಯುವ ಕಾರ್ಮಿಕರಲ್ಲಿ ಒಬ್ಬ ಎರಡು ಸಲ ಹೊರಗೆ ಬರುತ್ತಾನೆ.

ನಿಜ ಹೇಳಬೇಕೆಂದರೆ ಮೊದಲ ದಿನವೇ ನನಗೆ ಒಳಗೊಳಗೇ ಅನುಮಾನವಿತ್ತು. ಪಕ್ಕದಲ್ಲಿ ನವೀನ ಅಳುತ್ತಿದ್ದನಲ್ಲ, ಹೇಳಲು ಮನಸ್ಸು ಬರಲಿಲ್ಲ. ಹೆಸರೂ ಅಷ್ಟೇ. ದಂಭೋಳಿ! ಎಂಥ ಒರಟು. ಕೂಸು ನಾಳೆ ಶಾಲೆಗೆ ಹೋಗಬೇಕು, ಹಾಜರಿ ಕೂಗುವಾಗ ತರಗತಿಯೆಲ್ಲ ‘ಗಾಳಿ’ ಎಂದು ಹಾಡಿದರೆ? ಈ ತಮ್ಮನಿಗೆ ಬುದ್ಧಿ ಯಾವಾಗ ಬರುತ್ತದೋ.

ಮಾರ್ಚ್ 19, ಗುರುವಾರ, ಯುಗಾದಿ

ಬೇವುಬೆಲ್ಲದಲ್ಲಿ ಬೇವೇ ಮುಂದಿತ್ತು.

ಹಬ್ಬಕ್ಕೆ ಭದ್ರಾವತಿಗೆ ಹೋಗಿದ್ದೆವು. ಊಟ ಮುಗಿದ ಮೇಲೆ ನವೀನ ಬಾಗಿಲು ಮುಂದೆ ಮಾಡಿದ. “ಅಕ್ಕಾ, ಮಗು ಹೆಸರು ಬದಲಾಯಿಸ್ಬೇಕು. ಇನ್ನೊಂದ್ ಸಲ ನಾಮಕರಣ ಮಾಡ್ತೀವಿ. ನೀನೇ ಬಂದು ಕಿವೀಲಿ ಹೇಳ್ಬೇಕು.”

“ಎರಡು ಸಲನಾ? ಯಾರಾದ್ರೂ ಕೇಳಿದಾರಾ ಇದನ್ನ?”

“ನಾನು ಆವತ್ತೇ ಬೇಡ ಅಂದಿದ್ದೆ ಅತ್ತಿಗೆ,” ಎಂದಳು ಬಿಂದುಶ್ರೀ. “ಇವ್ರು ಕೇಳ್ಬೇಕಲ್ಲ.”

ನನ್ನ ಬಾಯಿ ತೆರೆದದ್ದು ತೆರೆದೇ ಇತ್ತು. ಕಾಡಿಗೆಯ ಸಿಡಿಲು ಬರೆದ ಕೈ ಅದು! ಅವಳ ಕಣ್ಣಲ್ಲಿ ಸುಳ್ಳಿನ ಅಳುಕು ಎಳ್ಳಷ್ಟೂ ಇರಲಿಲ್ಲ. ತಾನು ಬೇಡ ಎಂದದ್ದು ಅವಳಿಗೆ ಈಗ ನಿಜವಾಗಿಯೂ ನೆನಪಿದೆ. ತಮ್ಮನೂ ಹಾಗೆಯೇ: “ನಂಗೂ ಅಷ್ಟೇನ್ ಇಷ್ಟ ಆಗಿರ್ಲಿಲ್ಲಪ್ಪ. ಅಪ್ಪ ಅತ್ತಿದ್ದು ನೋಡಿ ಕರಗಿಬಿಟ್ಟೆ.” ಮನುಷ್ಯರು ತಮಗೆ ತಾವೇ ಹೀಗೆ ಹೇಳಿಕೊಳ್ಳಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಸಿನಿಮಾ ಬಗ್ಗೆ ಮೊದಲಿನಿಂದ ಒಂದೇ ಅಭಿಪ್ರಾಯ ಇಟ್ಟುಕೊಂಡವಳು ನಾನೊಬ್ಬಳೇ.

ಅಪ್ಪ ಮೂಲೆಯ ಕುರ್ಚಿಯಲ್ಲಿ ಕೂಸನ್ನು ತೊಡೆಯ ಮೇಲೆ ಕುಣಿಸುತ್ತಿದ್ದರು. ತಲೆ ಎತ್ತಿದರು. “ನಾನ್ ಯಾವಾಗ ಅತ್ತೆ?”

“ಥಿಯೇಟರಲ್ಲಿ ಅಪ್ಪಾ. ಟವೆಲ್ ಮುಖದ ಮೇಲೆ ಹಾಕ್ಕೊಂಡು...”

“ಏ ಥೂ. ಬೆಳಕು ಕಣ್ಣಿಗೆ ಹೊಡೀತಿತ್ತು ಕಣೋ. ಟವೆಲ್ ಹಾಕ್ಕೊಂಡು ಮಲಗ್ದೆ. ಎಸಿ ಒಳ್ಳೆ ತಣ್ಣಗಿತ್ತು.”

ಒಲೆಯ ಮೇಲೆ ಹಾಲು ಉಕ್ಕಿದ್ದೂ ಯಾರಿಗೂ ತಿಳಿಯಲಿಲ್ಲ.

“ಪೂರ್ತಿ ಸಿನಿಮಾ?” ಎಂದೆ.

“ಒಬ್ಬ ಕಾರ್ಖಾನೆ ಗೇಟ್ ಒಳಗೆ ಹೋದ. ಅಷ್ಟು ನೋಡಿದೀನಿ. ಆಮೇಲೆ ನೀನು ಶಿಳ್ಳೆ ಹೊಡೆದಾಗ ಎಚ್ಚರ ಆಯ್ತು.”

ನಮ್ಮವರು ನಗು ತಡೆಯಲಾರದೆ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದರು. ನವೀನನ ಮುಖ ಕೆಂಪಾಯಿತು. “ನೋಡಿದ್ಯಾ ಅಕ್ಕಾ? ಹಂಗಿದ್ರೆ ಬದಲಾಯ್ಸೋಕೆ ಅಡ್ಡಿನೇ ಇಲ್ಲ.”

ಅಪ್ಪ ಮಾತ್ರ, “ದಂಭೋಳಿಗೆ ಹಸಿವಾಗಿದೆ, ತಗೋಳಮ್ಮ,” ಎಂದು ಮಗುವನ್ನು ಬಿಂದುಶ್ರೀಯ ಕೈಗೆ ಕೊಟ್ಟರು. ಮನೆಯಲ್ಲಿ ಉಳಿದವರೆಲ್ಲ ಈಗ ಅದನ್ನು ‘ಪಾಪು’ ಎನ್ನುತ್ತಾರೆ. ಅಪ್ಪ ಒಬ್ಬರೇ ಪೂರ್ತಿ ಹೆಸರು ಹೇಳುವುದು.

ನಾನು ಒಪ್ಪಿಕೊಂಡು ಬಂದೆ. ಏಪ್ರಿಲ್ ಹನ್ನೆರಡು.

ಏಪ್ರಿಲ್ 7, ಮಂಗಳವಾರ

ಹೊಸ ಹೆಸರು ಬಂತು. ನಭಾಂಶ್.

ಎರಡನೇ ಪತ್ರಿಕೆಗೆ ನಾಲ್ಕು ಸಾಲು ಬೇಕೆಂದ ನವೀನ. ಪೆನ್ನು ಹಿಡಿದು ಕೂತೆ. ನಭಾಂಶ್‌ಗೆ ಪ್ರಾಸ: ಸಾರಾಂಶ, ಕೊಬ್ಬಿನಂಶ, ಸಕ್ಕರೆಯಂಶ. ಹೆಸರಿಡುವುದೋ, ರಕ್ತ ಪರೀಕ್ಷೆಯೋ?

ಸಂಜೆ ಇದನ್ನು ರಕ್ಷಾಳಿಗೆ ಹೇಳಿದೆ. ಅವಳು ನಗಲಿಲ್ಲ. ನನ್ನನ್ನೇ ನೋಡಿದಳು. “ಅಮ್ಮಾ, ನಿಂಗೆ ನಿಜವಾಗ್ಲೂ ಗೊತ್ತಿಲ್ವಾ?”

“ಏನು?”

“ನಭಾಂಶ್ ಅಂದ್ರೆ ಜೂನಲ್ಲಿ ಬರ್ತಿರೋ ಸಿನಿಮಾ ಹೀರೋ. ಹಾರ್ತಾನೆ. ಮಾಮ ಮೂರ್ ದಿನದಿಂದ ಟೀಸರ್ ಸ್ಟೇಟಸ್ ಹಾಕ್ತಾನೇ ಇದಾನೆ. ‘ದಂಭೋಳಿ ಇವನ ಮುಂದೆ ಏನೂ ಅಲ್ಲ’ ಅಂತ.”

ಕೂತಲ್ಲೇ ಕೂತೆ. ಕುಕ್ಕರ್ ಎಷ್ಟು ಕೂಗಿತೋ ಗೊತ್ತಿಲ್ಲ, ಅನ್ನ ಪಾಯಸವಾಯಿತು.

ಏಪ್ರಿಲ್ 8, ಬುಧವಾರ

ನವೀನನಿಗೆ ಫೋನ್ ಮಾಡಿದೆ. “ಲೋ, ಆ ಸಿನಿಮಾನೂ ನಾಳೆ ಹಿಂಗೇ ಆದ್ರೆ?”

“ಚಾನ್ಸೇ ಇಲ್ಲ ಅಕ್ಕಾ. ನೀನು ಟೀಸರ್ ನೋಡು. ಮೈ ಜುಂ ಅನ್ನತ್ತೆ.”

ನೋಡಿದೆ. ನಿಜ, ಜುಂ ಎಂದಿತು. ನನ್ನ ಮೈಯ ಮೇಲೇ ಸಿಟ್ಟು ಬಂತು.

ಏಪ್ರಿಲ್ 12, ಭಾನುವಾರ

ಮಾಡಿಬಿಟ್ಟೆ.

ಈ ಸಲ ಜನ ಕಡಿಮೆ. ಎರಡು ಮನೆಯವರು, ಅಕ್ಕಪಕ್ಕದ ನಾಲ್ಕು ಹೆಂಗಸರು. ತೊಟ್ಟಿಲಿಗೆ ಬೆಳ್ಳಿ ಬಣ್ಣದ ಬಟ್ಟೆ. ಹೊಸ ಹೀರೋನ ಬಣ್ಣ ಅದಂತೆ. ನವೀನ ಗಿಲಿಕೆ ಆಡಿಸುತ್ತಾ, “ನಭಾಂಶ್! ಏ ನಭಾಂಶ್! ಇಲ್ನೋಡೋ ಬಂಗಾರ!” ಎಂದು ಕರೆಯುತ್ತಿದ್ದ. ಕೂಸು ಫ್ಯಾನ್ ನೋಡುತ್ತಿತ್ತು. ಬಿಂದುಶ್ರೀ ಕರೆದಳು. ಫ್ಯಾನ್. ಅವರಮ್ಮ ಚಪ್ಪಾಳೆ ತಟ್ಟಿ ಕರೆದರು. ಮತ್ತೆ ಫ್ಯಾನ್.

ಅಷ್ಟರಲ್ಲಿ ಅಪ್ಪ ಸ್ನಾನ ಮುಗಿಸಿ, ಬಚ್ಚಲಿನಿಂದ ಟವೆಲ್ ಕೊಡವುತ್ತಾ ಬಂದರು. ಅವರಿಗೆ ತೊಟ್ಟಿಲು, ಬಟ್ಟೆ, ಗಿಲಿಕೆ ಯಾವುದೂ ಕಣ್ಣಿಗೆ ಬಿದ್ದಂತಿರಲಿಲ್ಲ. “ದಂಭೋಳೀ,” ಎಂದರು, ದಿನಾ ಕರೆದ ಹಾಗೆ.

ಕೂಸು ಕತ್ತು ತಿರುಗಿಸಿತು. ಬರೀ ಕತ್ತಲ್ಲ, ಇಡೀ ಮೈಯನ್ನೇ ತಿರುಗಿಸಿ, ವಸಡು ಕಾಣುವಂತೆ ಬಾಯಿ ತೆರೆದು ನಕ್ಕಿತು. ಕೈ ಎರಡೂ ಮೇಲೆ.

“ಹೊತ್ತಾಯ್ತು, ಶುರು ಮಾಡಿ,” ಎಂದರು ಬಿಂದುಶ್ರೀಯ ಅಮ್ಮ. ನನ್ನನ್ನು ತೊಟ್ಟಿಲ ಹತ್ತಿರ ಕೂರಿಸಿದರು. ಬಗ್ಗಿದೆ. ಹಾಲಿನ, ಪೌಡರಿನ ವಾಸನೆ. ಕಿವಿ ಎಂದರೆ ಎಷ್ಟಿದ್ದೀತು, ಗೋಡಂಬಿಯಷ್ಟು. ಅದರೊಳಗೆ ಜೂನ್ ತಿಂಗಳ ಹೆಸರನ್ನು ತುರುಕಬೇಕು. ಆಮೇಲೆ ಆಗಸ್ಟ್‌ನಲ್ಲಿ ಮತ್ತೆ ಬಂದು ಅದನ್ನು ಕಿತ್ತು ಇನ್ನೊಂದು. ಹಿಂದೆ ಹೆಂಗಸರು ಗುದ್ದಲು ಶುರು ಮಾಡಿದರು. ಹೇಳಿದೆ.

“ಜೋರಾಗಿ ಹೇಳಕ್ಕಾ, ಎಲ್ರಿಗೂ ಕೇಳ್ಲಿ,” ಎಂದ ನವೀನ, ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಾ.

ಎದ್ದು ನಿಂತೆ. “ದಂಭೋಳಿ.”

ಬಿಂದುಶ್ರೀಯ ಮುಷ್ಟಿ ನನ್ನ ಬೆನ್ನ ಮೇಲೆ ಎತ್ತಿದ್ದು ಹಾಗೇ ನಿಂತಿತು. ಅವರಮ್ಮನ ಕೈಯಿಂದ ಅಕ್ಷತೆ ಜಾರಿತು. ನವೀನ ಮೊಬೈಲ್ ಇಳಿಸುವುದನ್ನೇ ಮರೆತ. ನಾಮಕರಣದಲ್ಲಿ ಹೆಸರು ಕೇಳಿ ಇಷ್ಟು ಬೆಚ್ಚಿದವರನ್ನು ನಾನು ಕಂಡಿಲ್ಲ. ನಾನೂ ಬೆಚ್ಚಿದೆ; ನನ್ನ ದನಿ ಅಷ್ಟು ದೊಡ್ಡದೆಂದು ಗೊತ್ತಿರಲಿಲ್ಲ.

“ಅಕ್ಕಾ! ಏನ್ ಮಾಡ್ದೆ ನೀನು?”

“ಅತ್ತೆ ಹೇಳಿದ್ದೇ ಹೆಸರು. ನೀನೇ ಕರೆಸಿದ್ದು. ನನ್ ಬಾಯಿಂದ ಎರಡನೇ ಸಲ ಬಂತು, ಮೂರನೇ ಸಲ ಬರಲ್ಲ. ಬೇಕಾದ್ರೆ ಬೇರೆ ಅತ್ತೇನ ಹುಡುಕ್ಕೋ.”

“ಊರೆಲ್ಲ ನಗ್ತಾರಲ್ಲ ಅಕ್ಕಾ!”

“ಜೂನಲ್ಲಿ ಊರಿಗೆ ಬೇರೆ ಕೆಲಸ ಸಿಗತ್ತೆ. ನಿನ್ನ ಹೊಸ ಹೀರೋ ಬರ್ತಾನಲ್ಲ, ಅವನನ್ನ ನೋಡಿ ನಗ್ತಾರೆ.”

ಆಗ ಬೆನ್ನಿಗೆ ಗುದ್ದು ಬಿತ್ತು, ನಿಂತಿದ್ದ ಮುಷ್ಟಿ. ತಿರುಗಿದರೆ ಬಿಂದುಶ್ರೀ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು, ಕಣ್ಣಲ್ಲಿ ನೀರು. “ಅದೂ ಅಲ್ದೆ ಇವ್ನು ಬೇರೆ ಯಾವ ಹೆಸರಿಗೂ ತಿರುಗಲ್ಲ ಅತ್ತಿಗೆ. ನಾನೂ ವಾರದಿಂದ ಕರೆದು ಕರೆದು ಸಾಕಾಗಿದೆ.” ನವೀನ ತೊಟ್ಟಿಲ ಹತ್ತಿರ ಹೋಗಿ, ಯಾರಿಗೂ ಕೇಳಿಸಬಾರದೆಂಬಂತೆ ಹಳೆಯ ಹೆಸರು ಕರೆದು ನೋಡಿದ. ಕೂಸು ಅವನ ಮೂಗು ಹಿಡಿಯಿತು. ಮೂಗು ಬಿಡಿಸಿಕೊಳ್ಳದೆ ಸುಮಾರು ಹೊತ್ತು ಹಾಗೇ ಬಗ್ಗಿ ನಿಂತಿದ್ದ.

ನಮ್ಮವರು ಬಸ್ಸಿನಲ್ಲಿ, “ಇಷ್ಟೊಂದು ಧೈರ್ಯ ಎಲ್ಲಿತ್ತೇ ಮಾರಾಯ್ತಿ?” ಎಂದರು. ಧೈರ್ಯದ ಮಾತೇನು ಬಂತು? ನನಗೆ ಆ ಹೆಸರು ಮೊದಲಿನಿಂದಲೂ ಇಷ್ಟ. ಒರಟು ಎಂದು ಯಾರೋ ಅಂದಾಗಲೂ ನಾನು ಒಪ್ಪಿದವಳಲ್ಲ.

ಮೇ 1, ಶುಕ್ರವಾರ

ಕಾರ್ಮಿಕರ ದಿನದ ರಜೆ. ಭದ್ರಾವತಿಗೆ ಹೋಗಿದ್ದೆ. ಟಿ.ವಿ.ಯಲ್ಲಿ ‘ದಂಭೋಳಿ’ ಹಾಕಿದ್ದರು. ನವೀನ ಚಾನೆಲ್ ಬದಲಾಯಿಸಲು ಕೈ ಎತ್ತಿದ, ಆಮೇಲೆ ಸುಮ್ಮನಾದ. ಟಾರ್ಪಾಲು, ನೆರಳಿಲ್ಲದ ಜನ, ಮುಗಿಯದ ಭಾಷಣ, ಎಲ್ಲ ಹಾಗೇ ಇದ್ದವು. ಎಲ್ಲಿ ನಗಬೇಕೆಂದು ಎಲ್ಲರಿಗೂ ಗೊತ್ತಿತ್ತು, ನಕ್ಕೆವು. ಛಾವಣಿ ಬಂದಾಗ ಮಾತ್ರ ನಗು ತಾನಾಗಿಯೇ ನಿಂತಿತು. ಮೂಲೆ ಪಟಪಟ ಎನ್ನುತ್ತಲೇ ಇತ್ತು. ಡಬ್ಬಿ ಹಿಡಿದವರು ಒಬ್ಬೊಬ್ಬರೇ ಹೊರಗೆ ಬಂದರು. ಎರಡು ಸಲ ಬರುವವನು ಈ ಸಲವೂ ಎರಡು ಸಲ ಬಂದ. ಬರಲಿ ಬಿಡು, ಬದುಕಿದನಲ್ಲ ಎನಿಸಿತು. ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಕಣ್ಣಲ್ಲಿ ನೀರು ಬಂತು.

ಅಪ್ಪ ಇವತ್ತು ಎಚ್ಚರವಾಗಿದ್ದರು. ಮಗು ಅವರ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಕಣ್ಣು ಕಿರಿದು ಮಾಡಿ ಪರದೆ ನೋಡಿದರು.

“ಯಾರಮ್ಮ ಅವನು, ಸೂರು ಹೊತ್ಕೊಂಡು ನಿಂತಿರೋನು?”

“ಅವನೇ ಅಪ್ಪಾ, ದಂಭೋಳಿ.”

ಅಪ್ಪ ಪರದೆ ನೋಡಿದರು. ತೊಡೆಯ ಮೇಲಿದ್ದವನನ್ನು ನೋಡಿದರು. ಜೀವಮಾನದಲ್ಲೇ ಇಂಥ ಅನ್ಯಾಯ ಕಂಡಿಲ್ಲವೆಂಬಂತೆ ನನ್ನ ಕಡೆ ತಿರುಗಿದರು.

“ನಮ್ಮ ಹುಡುಗನ ಹೆಸರನ್ನ ಅವನಿಗ್ಯಾಕೆ ಇಟ್ರು?”